ಗೋಡೆ ಕಡೆಗೋ, ಬಾಗಿಲ ಕಡೆಗೋ

ದೊಡ್ಡಬಳ್ಳಾಪುರದ ಆ ಬೀದಿಯಲ್ಲಿ ಒಂದು ಕಟ್ಟಳೆಯಿತ್ತು: ಮಗ್ಗ ಗಂಡಸರದು, ಕಂಡಿಕೆಗೆ ನೂಲು ಸುತ್ತುವ ಯಂತ್ರ ಹೆಂಗಸರದು. ಮಾಡಿದವರು ಯಾರೋ ಗೊತ್ತಿಲ್ಲ, ಹೆಂಗಸರಂತೂ ಅಲ್ಲ. ಹೀಗಾಗಿ ಇಪ್ಪತ್ತು ವರ್ಷದಿಂದ ಸೀರೆ ನೇಯುತ್ತಿದ್ದ ನಂದಕುಮಾರ್ ತನ್ನ ಮನೆಯ ಆ ಯಂತ್ರದ ಮುಂದೆ ಒಂದು ದಿನವೂ ಕೂತವನಲ್ಲ. ಮಗ್ಗದ ಬಳಿಯಿಂದ ನೋಡಿದ್ದಷ್ಟೇ. ಎಣ್ಣೆ ಹಾಕುವುದು ಮಾತ್ರ ಅವನ ಪಾಲು. ಆ ಬೆಳಿಗ್ಗೆ ಎಣ್ಣೆ ಹಾಕಿದ ಮಹಾರಾಯ ಹಲ್ಲುಚಕ್ರಗಳ ಮುಚ್ಚಳವನ್ನು ತೆಗೆದು ನೆಲಕ್ಕಿಟ್ಟವನು ಮತ್ತೆ ಹಾಕುವುದನ್ನೇ ಮರೆತುಬಿಟ್ಟ.

ಹನ್ನೊಂದರ ಹೊತ್ತಿಗೆ ಅವನ ಹೆಂಡತಿ ಬಿಂದುಶ್ರೀ ಗಂಟಾದ ರೇಷ್ಮೆ ಎಳೆಯೊಂದನ್ನು ಬಿಡಿಸಲು ಕೈ ಚಾಚಿದಳು. ಎಳೆ ಬೆರಳಿಗೆ ಸುತ್ತಿಕೊಂಡು ಸೆಳೆಯಿತು. ಎರಡು ಹಲ್ಲುಚಕ್ರಗಳು ಕೂಡುವ ಸಂದಿಗೆ ಬಲಗೈಯ ಎರಡು ಬೆರಳು ಸಿಕ್ಕಿಕೊಂಡವು. ಅವಳ ಚೀತ್ಕಾರಕ್ಕೆ ನಂದಕುಮಾರ್ ಓಡಿಬಂದು ಯಂತ್ರದ ಸ್ವಿಚ್ ಆರಿಸಿದ. ಚಕ್ರ ಗಕ್ಕನೆ ನಿಂತಿತು, ಬೆರಳುಗಳು ಒಳಗೇ ಉಳಿದವು.

ಬೋಲ್ಟು ಬಿಚ್ಚೋಣವೆಂದರೆ ತುಕ್ಕು ಹಿಡಿದು ಕೂತಿತ್ತು. ಯಾರನ್ನಾದರೂ ಕರೆಯೋಣವೆಂದರೆ ಮನೆಮನೆಯಲ್ಲೂ ಮಗ್ಗಗಳ ಗದ್ದಲ, ಇಲ್ಲಿ ಜೀವ ಹೋದರೂ ಪಕ್ಕದ ಮನೆಗೆ ಕೇಳದು. ಬಿಂದುಶ್ರೀ ಕೂರಲೂ ಆಗದೆ, ನಿಲ್ಲಲೂ ಆಗದೆ, ಅರ್ಧ ಬಾಗಿ ಯಂತ್ರಕ್ಕೆ ಕಟ್ಟಿಹಾಕಿದ ಹಾಗೆ ನಿಂತಿದ್ದಳು. ಉಳಿದದ್ದು ಒಂದೇ ದಾರಿ: ಹಲ್ಲುಚಕ್ರಗಳನ್ನು ಓಡಿಸುವ ಪಕ್ಕದ ದೊಡ್ಡ ಚಕ್ರವನ್ನು ಕೈಯಿಂದ ಹಿಂದಕ್ಕೆ ತಿರುಗಿಸುವುದು. ಅದು ಅವಳ ಎಡಗೈಗೆ ಎಟುಕುತ್ತಿರಲಿಲ್ಲ.

"ಬಾಗಿಲ ಕಡೆ ತಿರುಗ್ಸಿ," ಎಂದಳು.

ಅವನು ಗೋಡೆ ಕಡೆಗೆ ಒತ್ತಿದ. ಅವಳ ಕಣ್ಣು ಕತ್ತಲಿಟ್ಟಿತು.

"ಅಯ್ಯೋ! ಒಳಕ್ಕೆ ಹೋಗ್ತೈತೆ ರೀ! ಬಾಗಿಲ ಕಡೆ ಅಂದ್ನಲ್ಲ!"

"ಸುಮ್ನಿರು. ಚಕ್ರ ಓಡೋದೇ ಬಾಗಿಲ ಕಡೆ, ಹಿಂದಕ್ಕೆ ಅಂದ್ರೆ ಗೋಡೆ ಕಡೆ. ಈಗ ಓಡಿಬರೋವಾಗ್ಲೂ ಕಣ್ಣಾರೆ ನೋಡ್ದೆ. ಬಿಡೋ ಮುಂಚೆ ಸ್ವಲ್ಪ ನೋಯ್ತದೆ, ತಡ್ಕೊ."

ಅವನು ಸುಳ್ಳು ಹೇಳುತ್ತಿರಲಿಲ್ಲ, ಅದೇ ಕಷ್ಟ. ಕಿಟಕಿಯಿಲ್ಲದ ಆ ಕೋಣೆಗೆ ಹಳೆಯ ಟ್ಯೂಬ್‌ಲೈಟೇ ಬೆಳಕು. ಅದು ಸೆಕೆಂಡಿಗೆ ನೂರು ಸಲ ಕಣ್ಣು ಮಿಟುಕಿಸುತ್ತದೆ. ಪ್ರತಿ ಮಿಟುಕಿಗೂ ಚಕ್ರದ ಒಂದು ಕಡ್ಡಿ ಮುಂದಿನ ಕಡ್ಡಿಯ ಜಾಗಕ್ಕೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಕಾಣಿಸಿದರೆ, ಕಣ್ಣು ಅದನ್ನು ಹಿಂದೆ ಸರಿದ ಮುಂದಿನ ಕಡ್ಡಿಯೆಂದೇ ನಂಬುತ್ತದೆ. ಗೋಡೆ ಕಡೆಗೆ ಭರ್ರನೆ ಓಡುವ ಚಕ್ರ ಬಾಗಿಲ ಕಡೆಗೆ ಮೆಲ್ಲಗೆ ನಡೆದಂತೆ ಕಾಣುತ್ತದೆ. ಅದರ ಮುಂದೆ ಹತ್ತು ವರ್ಷ ಕೂತವಳಿಗೆ ಅದು ಯಾವ ಕಡೆ ಓಡುತ್ತದೆಂದು ಬೆರಳಿಗೇ ಗೊತ್ತಿತ್ತು. ಈಗ ಆ ಬೆರಳಿಗೇ ಸಂಚಕಾರ ಬಂದಿತ್ತು.

"ದಿನಾ ನೂಲು ಹಿಡಿಯೋಳು ನಾನು. ಅದು ಓಡೋದು ಗೋಡೆ ಕಡೆ. ಸತ್ಯವಾಗ್ಲೂ ರೀ."

"ನೋವಿಗೆ ಏನೇನೋ ಅಂತಿದೀಯ. ಹುಟ್ಟಿದಾಗಿಂದ ಮಗ್ಗದಲ್ಲಿರೋನಿಗೆ ಹೇಳ್ಕೊಡ್ತೀಯಾ?" ಅವನು ಮತ್ತೆ ಗೋಡೆ ಕಡೆಗೇ ಚಕ್ರ ಹಿಡಿದ.

ಇನ್ನೊಂದು ಹಲ್ಲು ಮುಂದೆ ಹೋದರೆ ಮೂಳೆ ಉಳಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಯಂತ್ರಕ್ಕಿಂತ ಹೆಚ್ಚು ಗಂಡನ ಭಂಡ ಧೈರ್ಯಕ್ಕೆ ಅವಳು ಹೆದರಿದಳು. ಅಳು ನಿಂತು ಸಿಟ್ಟು ನೆತ್ತಿಗೇರಿತು.

"ತಿರುಗ್ಸಿ," ಎಂದಳು. "ಗೋಡೆ ಕಡೇಗೇ ತಿರುಗ್ಸಿ. ಆದ್ರೆ ನಿಮ್ಮ ಎಡಗೈ ಬೆರಳನ್ನೂ ನನ್ನ ಬೆರಳಿನ ಪಕ್ಕ ಇಟ್ಟು ತಿರುಗ್ಸಿ."

ನಂದಕುಮಾರ್ ಎಡಗೈ ಮುಂದೆ ತಂದ. ಹಲ್ಲುಗಳ ಮೇಲೆ ಎಣ್ಣೆಯ ಜೊತೆ ಅವಳ ರಕ್ತ ಹರಿಯುತ್ತಿತ್ತು. ಅವನ ತೋರುಬೆರಳು ಗೇಣು ದೂರದವರೆಗೆ ಬಂದು ತಾನಾಗಿಯೇ ಮಡಚಿಕೊಂಡಿತು. ಚಕ್ರದ ಮೇಲಿದ್ದ ಬಲಗೈಯೂ ಸಡಿಲವಾಯಿತು.

ಅವನು ಚಕ್ರವನ್ನು ಬಾಗಿಲ ಕಡೆಗೆ ಒಂದು ಗೆರೆಯಷ್ಟು ತಳ್ಳಿದ. ಹಿಡಿತ ಬಿಟ್ಟಿತು. ಇನ್ನಷ್ಟು ತಳ್ಳಿದ. ಜಜ್ಜಿದ ಎರಡು ಬೆರಳು ಹೊರಬಂದವು. ಒಂದರ ಉಗುರು ಕಿತ್ತುಹೋಗಿತ್ತು.

ಅವನು ಟವೆಲ್ ಒದ್ದೆ ಮಾಡಿ ತಂದು ಸುತ್ತತೊಡಗಿದ. "ಲೈಟು ಮೋಸ ಮಾಡ್ತು ಕಣೆ. ನಂಗೆ ಹಂಗೇ ಕಾಣಿಸ್ತು."

ಬಿಂದುಶ್ರೀ ಟವೆಲನ್ನು ಅವನ ಕೈಯಿಂದ ತೆಗೆದುಕೊಂಡು ತಾನೇ ಸುತ್ತಿಕೊಂಡಳು.

"ನಿಮ್ಮ ಬೆರಳು ಅಂದಾಗ ಯಾವ ಲೈಟೂ ಅಡ್ಡ ಬರ್ಲಿಲ್ವಲ್ಲ," ಎಂದಳು.