ಮಾವನವರ ವಾಚು ಬಿಚ್ಚಿದ್ದು

ಅಳಿಯನಿಗೆ ಹವ್ಯಾಸಗಳು ನೆಗಡಿಯ ಹಾಗೆ ಬರುತ್ತಿದ್ದವು, ನೆಗಡಿಯ ಹಾಗೆಯೇ ಹೋಗುತ್ತಿದ್ದವು. ಗಿಟಾರು ಮಂಚದ ಕೆಳಗೆ ಸೇರಿತ್ತು. ಮೀನಿನ ತೊಟ್ಟಿಯಲ್ಲಿ ಹೆಂಡತಿ ಈರುಳ್ಳಿ ತುಂಬಿದ್ದಳು. ನೀರು ಸರಬರಾಜು ಕಚೇರಿಯಲ್ಲಿ ಕೂತು ದಿನವಿಡೀ ದೂರಿನ ಅರ್ಜಿಗಳಿಗೆ ಮೊಹರು ಒತ್ತುವ ಮನುಷ್ಯನಿಗೆ, ಮನೆಯಲ್ಲಾದರೂ ಏನನ್ನಾದರೂ ಬಿಚ್ಚಿ ನೋಡುವ ಆಸೆ ಇರಬಾರದೇ?

ಈ ಸಲ ತಲೆಗೆ ಹತ್ತಿದ್ದು ಡಿಜಿಟಲ್ ವಾಚು. ಬಿಳಿ ಮುಖದ ಮೇಲಿನ ಕಪ್ಪು ಅಂಕಿಗಳನ್ನು ಕಪ್ಪು ಮುಖದ ಮೇಲಿನ ಬಿಳಿ ಅಂಕಿಗಳಾಗಿ ಮನೆಯಲ್ಲೇ ಬದಲಾಯಿಸಬಹುದೆಂದು ಯಾವುದೋ ವಿಡಿಯೊದಲ್ಲಿ ನೋಡಿದ. ಗುಟ್ಟೆಲ್ಲ ಒಳಗಿನ ಗಾಜಿಗೆ ಅಂಟಿಸಿದ, ಬೆಳಕು ಸೋಸುವ ಒಂದು ತೆಳು ಹಾಳೆಯಲ್ಲಿ. ಅದನ್ನು ನಾಜೂಕಾಗಿ ಎಬ್ಬಿಸಿ, ತಿರುಗಿಸಿ ಕೂರಿಸಿದರೆ ಮುಗಿಯಿತು. ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಬಿಳಿ ಟವೆಲ್ ಹಾಸಿ, ತನ್ನ ವಾಚಿನ ನಾಲ್ಕು ಸ್ಕ್ರೂ ಬಿಚ್ಚಿ, ಉಸಿರು ಬಿಗಿಹಿಡಿದು ಮಾಡಿಯೇಬಿಟ್ಟ. ಆಶ್ಚರ್ಯವೆಂದರೆ, ಆಯಿತು! ಅವನಿಗೆ ಎರಡು ಕೋಡು ಮೂಡಿದವು. ಟೈಮು ಕೇಳದವರಿಗೂ ಮುಂಗೈ ಮುಂದೆ ಹಿಡಿದು ತೋರಿಸುತ್ತ ತಿರುಗಿದ.

ಮಾವನವರಿಗೂ ತೋರಿಸಿದ. ಬಸ್ ನಿಲ್ದಾಣದಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವರು; ಅವರು ಸೀಟಿ ಊದದೆ ಒಂದು ಬಸ್ಸೂ ಹೊರಡುತ್ತಿರಲಿಲ್ಲ. ಕಣ್ಣಿನ ಆಪರೇಷನ್ ಮಾಡಿಸಿಕೊಂಡು, ಕಪ್ಪು ಕನ್ನಡಕ ಹಾಕಿಕೊಂಡು, ಮಗಳ ಮನೆಯಲ್ಲಿ ಸುಧಾರಿಸಿಕೊಳ್ಳುತ್ತಿದ್ದರು. ಅಳಿಯನ ವಿಷಯದಲ್ಲಿ ಅವರ ಅಭಿಪ್ರಾಯ ಮದುವೆಯಾದಾಗಿನಿಂದ ಒಂದೇ. ಅವನು ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೆ, "ನೀವು ಇಳೀರಿ, ಎಲೆಕ್ಟ್ರಿಷಿಯನ್ ಕರೆಸೋಣ" ಎನ್ನುತ್ತಿದ್ದರು. ಹನ್ನೆರಡು ವರ್ಷಗಳಲ್ಲಿ ಒಂದು ಮೊಳೆ ಹೊಡೆಯಲೂ ಬಿಟ್ಟವರಲ್ಲ.

ಅಂಥವರು ಅಂದು ಅವನ ವಾಚನ್ನು ಬಹಳ ಹೊತ್ತು ನೋಡಿ, ತಮ್ಮ ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. "ಈ ಬಿಳಿ ಮುಖ ಕಣ್ಣಿಗೆ ಚುಚ್ಚುತ್ತೆ. ನಂದೂ ಹೀಗೇ ಮಾಡಿಕೊಡ್ತೀರಾ?"

ಅದು ನಿವೃತ್ತಿಯ ದಿನ ಡ್ರೈವರುಗಳೂ ಕಂಡಕ್ಟರುಗಳೂ ಸೇರಿ ಕೊಟ್ಟ ವಾಚು. ಮಲಗುವಾಗಲೂ ಅವರು ಅದನ್ನು ತೆಗೆಯುತ್ತಿರಲಿಲ್ಲ.

"ರೀ, ಬೇಡ" ಎಂದಳು ಹೆಂಡತಿ, ಅಡುಗೆಮನೆಯಿಂದಲೇ. "ಗಿಟಾರ್ ಆದ್ರೆ ಮಂಚದ ಕೆಳಗಾದ್ರೂ ಇಡಬಹುದಿತ್ತು."

ಒಂದೇ ಒಂದು ವಾಚು ಬಿಚ್ಚಿದವನಿಗೆ ಇರುವಷ್ಟು ಧೈರ್ಯ ಸಾವಿರ ಬಿಚ್ಚಿದವನಿಗೂ ಇರುವುದಿಲ್ಲ. ಮಾವನವರು ಮಲಗಿದ್ದಾಗ ಅಳಿಯ ಟವೆಲ್ ಹಾಸಿದ. ಒಂಬತ್ತು ವರ್ಷದ ಅಂಟು ಕಲ್ಲಾಗಿತ್ತು. ಹಾಳೆ ಜಪ್ಪಯ್ಯ ಎಂದರೂ ಏಳಲಿಲ್ಲ. ಹೆಂಡತಿಯ ನೇಲ್ ಪಾಲಿಶ್ ತೆಗೆಯುವ ದ್ರಾವಣ ನೆನಪಾಯಿತು. ಎರಡು ಹನಿ ಬಿಟ್ಟ. ಅಂಟು ಬಿಟ್ಟಿತು ನಿಜ, ಆದರೆ ಹಾಳೆಯೂ ಹಾಲಿನ ಕೆನೆಯಂತೆ ಸುರುಟಿ ಚೂರುಚೂರಾಗಿ ಬೆರಳಿಗೆ ಮೆತ್ತಿಕೊಂಡಿತು. ಹಾಳೆಯಿಲ್ಲದೆಯೇ ಎಲ್ಲವನ್ನೂ ಜೋಡಿಸಿ ನೋಡಿದ. ವಾಚಿನ ಮುಖ ಬೋಳುಬೋಳು. ಗಂಟೆಯಿಲ್ಲ, ನಿಮಿಷವಿಲ್ಲ, ಬೂದುಬಣ್ಣದ ಒಂದು ಚೌಕ ಅಷ್ಟೇ.

ಹೊಸ ಹಾಳೆಗೆ ಆರ್ಡರ್ ಮಾಡಿದ. ಬರಲು ಒಂದು ವಾರ. ಎದ್ದು ಬಂದ ಮಾವನವರಿಗೆ, "ಇನ್ನೂ ಒಣಗಬೇಕು ಮಾವ, ಒಂದು ವಾರ" ಎಂದು ಹಸಿ ಸುಳ್ಳು ಹೇಳಿ, ವಾಚನ್ನು ಪುಸ್ತಕಗಳ ಹಿಂದೆ ಬಚ್ಚಿಟ್ಟ.

ಮರುದಿನ ಬೆಳಿಗ್ಗೆ ಬಚ್ಚಲಿನಿಂದ ಬಂದು ನೋಡಿದರೆ ಮಾವನವರು ಬಾಲ್ಕನಿಯಲ್ಲಿ ಕೂತಿದ್ದಾರೆ. ಕೈಯಲ್ಲಿ ಪೇಪರು, ಮುಂಗೈಯಲ್ಲಿ ಪುಸ್ತಕಗಳ ಹಿಂದಿನಿಂದ ಹುಡುಕಿ ತೆಗೆದ ವಾಚು!

"ಬಹಳ ಚೆನ್ನಾಗಿ ಮಾಡಿದೀರಿ" ಎಂದರು. "ಸೆಕೆಂಡೂ ಸ್ಪಷ್ಟವಾಗಿ ಕಾಣ್ತಿದೆ."

ಚುಚ್ಚುತ್ತಿದ್ದಾರೆ ಎಂದುಕೊಂಡ ಅಳಿಯ. ಹನ್ನೆರಡು ವರ್ಷದ್ದನ್ನೆಲ್ಲ ಸೇರಿಸಿ ಚುಚ್ಚುತ್ತಿದ್ದಾರೆ. ಹತ್ತಿರ ಹೋಗಿ ಬಗ್ಗಿ ನೋಡಿದ. ಬೋಳು.

"ಈಗ... ಎಷ್ಟಾಯ್ತು ಮಾವ?"

"ಎಂಟು ಹದಿನೇಳು."

ತನ್ನ ವಾಚು ನೋಡಿಕೊಂಡ. ಎಂಟು ಹದಿನೇಳು. ಮಾವನವರು ಮುಖ ತೊಳೆಯಲು ಎದ್ದಾಗ, ಕಟ್ಟೆಯ ಮೇಲಿಟ್ಟಿದ್ದ ಕನ್ನಡಕವನ್ನೂ ವಾಚನ್ನೂ ಕದ್ದು ಎತ್ತಿಕೊಂಡ. ಕನ್ನಡಕ ಹಾಕಿ ನೋಡಿದರೆ ಕಪ್ಪು ಮುಖದ ಮೇಲೆ ಬಿಳಿ ಅಂಕಿಗಳು ಮಿನುಗುತ್ತಿದ್ದವು. ತಲೆ ಓರೆ ಮಾಡಿದರೆ ಬಿಳಿ ಮುಖದ ಮೇಲೆ ಕಪ್ಪು ಅಂಕಿಗಳು. ಕನ್ನಡಕದ ಕಪ್ಪು ಗಾಜೂ ಆ ಹಾಳೆಯ ಹಾಗೆಯೇ ಬೆಳಕು ಸೋಸುವಂಥದ್ದು; ತಾನು ಹಾಳುಮಾಡಿದ ಹಾಳೆಯ ಕೆಲಸವನ್ನು ಕಣ್ಣಿನ ಡಾಕ್ಟರು ಕೊಟ್ಟ ಕನ್ನಡಕ ಮಾಡುತ್ತಿತ್ತು.

ಅಂದಿನಿಂದ ಅಳಿಯ ಕಾಲು ಸುಟ್ಟ ಬೆಕ್ಕಾದ. ಕನ್ನಡಕ ಇರುವವರೆಗೆ ಮಾತ್ರ ಮರ್ಯಾದೆ. ಡಾಕ್ಟರು ತೆಗೆಯಿರಿ ಎಂದ ದಿನ ಬಣ್ಣ ಬಯಲು. ಮನೆಯೊಳಗೆ ಮಾವನವರು ಕನ್ನಡಕಕ್ಕೆ ಕೈ ಹಾಕಿದರೆ ಸಾಕು, "ಧೂಳಿದೆ ಮಾವ, ತೆಗೀಬೇಡಿ!" ಎಂದು ಓಡಿಬರುತ್ತಿದ್ದ. ಇಷ್ಟು ಕಾಳಜಿಯ ಅಳಿಯ ಯಾರಿಗೆ ಸಿಕ್ಕಾನು ಎಂದು ಪಕ್ಕದ ಮನೆಯಾಕೆ ಹೊಗಳಿದಳು. ಹೆಂಡತಿ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ಒಳಗೆ ಹೋದಳು.

ಶನಿವಾರ ಹೊಸ ಹಾಳೆ ಬಂತು. ಅಳಿಯನಿಗೆ ಹೋದ ಜೀವ ಬಂದಂತಾಯಿತು.

"ಮಾವ, ವಾಚು ಸ್ವಲ್ಪ ಕೊಡಿ. ಒಂಚೂರು ಫಿನಿಶಿಂಗ್ ಬಾಕಿ ಇದೆ."

"ಬೇಡ."

"ಹತ್ತೇ ನಿಮಿಷ ಮಾವ."

ಮಾವನವರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಅಳಿಯ ಓಡಿಬರುವಷ್ಟು ಹೊತ್ತೂ ಕೊಡಲಿಲ್ಲ. ಬೋಳು ವಾಚನ್ನು ಬರಿಗಣ್ಣಿನಿಂದ ನೋಡಿ, "ನಂಗೆ ಮೊದಲ ದಿನವೇ ಗೊತ್ತು" ಎಂದರು.

ಅಳಿಯ ಇಂಗು ತಿಂದ ಮಂಗನಂತೆ ನಿಂತ.

"ಮೂವತ್ತೊಂದು ವರ್ಷ ಇಡೀ ಬಸ್‌ಸ್ಟ್ಯಾಂಡು ನನ್ನ ಟೈಮ್ ಕೇಳ್ತಿತ್ತು. ಮನೆಗೆ ಬಂದ್ಮೇಲೆ ಎಲ್ಲರ ಹತ್ರಾನೂ ಫೋನು. ಒಂಬತ್ತು ವರ್ಷ ಒಬ್ಬನೂ ಕೇಳ್ಲಿಲ್ಲ. ಈ ವಾರ ಪಾರ್ಕಲ್ಲಿ ನನ್ನ ಕೈ ಹಿಡ್ಕೊಂಡು, ಏನೂ ಕಾಣ್ದೆ, ಟೈಮೆಷ್ಟು ಹೇಳಿ ಅಂತ ಸುತ್ತ ನಿಲ್ತಾರೆ. ಫೋನ್ ತೆಗೆದು ತಾಳೆ ನೋಡ್ತಾರೆ. ಬೆರಗಾಗ್ತಾರೆ." ವಾಚಿನ ಬೋಳು ಮುಖವನ್ನು ಹೆಬ್ಬೆರಳಿನಿಂದ ಒರೆಸಿದರು. "ನಮ್ಮ ಅಳಿಯಂದಿರು ಮಾಡಿಕೊಟ್ಟಿದ್ದು ಅಂತ ಹೇಳಿದೀನಿ. ಡಾಕ್ಟರ್ ತೆಗೀರಿ ಅಂದ್ರೂ ನಾನು ಕನ್ನಡಕ ತೆಗೆಯೋನಲ್ಲ."

ಅಳಿಯನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹನ್ನೆರಡು ವರ್ಷ ಕಾದ ಹೊಗಳಿಕೆ ಸಿಕ್ಕಿತ್ತು, ಅದೂ ಕೆಡಿಸಿದ್ದಕ್ಕೆ. ಹಾಳೆಯ ಲಕೋಟೆಯನ್ನು ಮಂಚದ ಕೆಳಗೆ ಗಿಟಾರಿನ ಪಕ್ಕ ಸರಿಸಿಬಂದ. ಅಂಗಿಯ ತೋಳನ್ನು ಎಳೆದು ತನ್ನ ವಾಚನ್ನು ಪೂರ್ತಿ ಮುಚ್ಚಿಕೊಂಡು, ಮಾವನವರ ಪಕ್ಕ ಕೂತ.

"ಮಾವ, ಟೈಮೆಷ್ಟಾಯ್ತು?"

ಮಾವನವರು ನಿಧಾನವಾಗಿ ಕನ್ನಡಕ ಏರಿಸಿಕೊಂಡರು. ಮುಂಗೈ ಎತ್ತಿದರು.

"ಹತ್ತು ನಲವತ್ತೆರಡು. ಹನ್ನೊಂದಕ್ಕೆ ಪ್ಲಂಬರ್ ಬರ್ತಾನೆ. ಅಡುಗೆಮನೆ ನಲ್ಲಿ ಸೋರ್ತಿದೆ, ನೀವು ಮುಟ್ಟಬೇಡಿ."