ಮುಟ್ಟುವ ಮೊದಲೇ

ನಮ್ಮ ಬೀದಿಯ ಉಳಿದ ಮನೆಗಳ ಅಂಗಳದಲ್ಲಿ ಬೆಳಿಗ್ಗೆ ರಂಗೋಲಿ ಇರುತ್ತಿತ್ತು. ನಮ್ಮ ಅಂಗಳದಲ್ಲಿ ಇದ್ದದ್ದು ಸುಣ್ಣದ ಗೆರೆ. ತಳಕ್ಕೆ ತೂತು ಕೊರೆದ ಹಾಲಿನ ಪುಡಿಯ ಡಬ್ಬಿಯಲ್ಲಿ ಒಣ ಸುಣ್ಣ ತುಂಬಿಕೊಂಡು, ಅಪ್ಪ ಬೆನ್ನು ಬಾಗಿಸಿ ಹಿಂದೆ ಹಿಂದೆ ನಡೆಯುತ್ತ ಅದನ್ನು ಎಳೆಯುತ್ತಿದ್ದರು. ದಾರ ಹಿಡಿಯದೆ ಎಳೆದರೂ ಅದು ಸೊಟ್ಟಗಾದದ್ದನ್ನು ನಾನು ನೋಡಿಲ್ಲ. ಅಮ್ಮ ಅಂಗಳ ಗುಡಿಸುವಾಗ ಗೆರೆಯ ಎರಡೂ ಬದಿ ಗುಡಿಸಿ ಗೆರೆಯನ್ನು ಹಾಗೆಯೇ ಬಿಡುತ್ತಿದ್ದಳು. ದಾಟುವಾಗ ನೀರು ದಾಟುವವಳಂತೆ ಸೀರೆಯ ನೆರಿಗೆ ಎತ್ತಿಕೊಳ್ಳುತ್ತಿದ್ದಳು.

ಅಪ್ಪ ಹೈಸ್ಕೂಲಿನಲ್ಲಿ ಡ್ರಿಲ್ ಮಾಷ್ಟ್ರಾಗಿದ್ದವರು. ಊರಿಗೆ ಮಾತ್ರ ಅವರು ರೆಫ್ರಿ ಮಾಷ್ಟ್ರು. ಫುಟ್‌ಬಾಲಿನ ಹುಚ್ಚಿದ್ದ ಆ ಊರಿನಲ್ಲಿ ಪಂದ್ಯ ಮುಗಿದ ಮೇಲೆ ಜಗಳ ಮುಗಿಯುತ್ತಿರಲಿಲ್ಲ. ಅದು ಫೌಲೋ ಅಲ್ಲವೋ, ಅವನು ತಳ್ಳಿದನೋ ಇವನು ತಾನಾಗಿ ಬಿದ್ದನೋ ಎಂದು ಹೋಟೆಲಿನಲ್ಲಿ ಬೆಂಚು ಎತ್ತಿ ಹೊಡೆದುಕೊಂಡದ್ದೂ ಇತ್ತು. ಅದನ್ನು ನಿಲ್ಲಿಸಲೆಂದೇ ಅಪ್ಪ ಅಂಗಳದ ತೀರ್ಪು ಎಂಬ ಪದ್ಧತಿ ಶುರುಮಾಡಿದ್ದರು. ಭಾನುವಾರ ಸಂಜೆ ಅಭಿಮಾನಿಗಳೆಲ್ಲ ನಮ್ಮ ಅಂಗಳಕ್ಕೆ ಬರಬೇಕು. ತಕರಾರಿನ ಆ ಒಂದು ಗಳಿಗೆಯನ್ನು ಗೆರೆಯ ಮೇಲೆ ಮತ್ತೆ ಆಡಿ ತೋರಿಸಬೇಕು. ಅಪ್ಪ ಕೈ ಎತ್ತಿ ವಿಸಿಲ್ ಊದಿದಾಗ ಶುರು. ಬಿದ್ದವನಿಗೆ ಪ್ರಶ್ನೆ ಕೇಳಿದರೆ ಹೌದು ಅಥವಾ ಇಲ್ಲ, ಮೂರನೆಯ ಮಾತಿಲ್ಲ. ಕೊನೆಗೆ ಅಪ್ಪ ಹೇಳಿದ್ದೇ ತೀರ್ಪು. ಸ್ವಂತ ಅಕ್ಕನ ಮಗನ ಗೋಲನ್ನು ಅವರು ಹಾಗೆ ರದ್ದು ಮಾಡಿದ್ದರು. ಚಂದ್ರಹಾಸನಂಥ ಚಂದ್ರಹಾಸನಿಗೆ, ಊರು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ ಆಟಗಾರನಿಗೆ, ತುಂಬಿದ ಮೈದಾನದಲ್ಲಿ ಕೆಂಪು ಕಾರ್ಡು ತೋರಿಸಿ ಹೊರಗೆ ಕಳಿಸಿದ್ದರು. ಅವರ ನ್ಯಾಯದ ಬಗ್ಗೆ ಯಾರಿಗೂ ಸಂಶಯವಿರಲಿಲ್ಲ.

ಆ ಕೆಂಪು ಕಾರ್ಡನ್ನು ನೋಡಿದವರಲ್ಲಿ ಚಂದ್ರಹಾಸನ ಹೆಂಡತಿ ಲಲಿತಾಕ್ಷಿಯೂ ಒಬ್ಬಳು. ಮುರಿದ ಎಡಗೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಗಂಡನ ಮೇಲೆ ದೂರು ಕೊಟ್ಟು, ತವರಿನವರು ಬಾಗಿಲು ತೆರೆಯದೆ ಇದ್ದಾಗ ಅವಳು ಬಂದು ನಿಂತದ್ದು ನಮ್ಮ ಅಡುಗೆಮನೆಯ ಹಿಂಬಾಗಿಲಲ್ಲಿ.

"ಮಾಷ್ಟ್ರು ಒಬ್ಬರೇ ಅವರಿಗೆ ಹೆದರದವರು ಅಮ್ಮಾ. ನಾನು ಕಣ್ಣಾರೆ ನೋಡಿದ್ದೇನೆ," ಎಂದಳು.

ಅಮ್ಮ ಅವಳನ್ನೂ, ಅವಳ ಚೀಲವನ್ನೂ ನೋಡಿದಳು. "ಇಲ್ಲಿಗೇ ಯಾಕೆ ಬಂದೆ ಮಗಾ?" ಎಂದು ಮೆಲ್ಲಗೆ ಕೇಳಿದಳು. ಬೈಗುಳದ ದನಿಯಲ್ಲ ಅದು. ಆಮೇಲೆ ಒಂದು ತಟ್ಟೆಗೆ ಗಂಜಿ ಬಡಿಸಿದಳು.

ನಾನು ಆಗ ಕಾಲೇಜು ಮುಗಿಸಿ ಮನೆಯಲ್ಲಿದ್ದೆ. ನಾನು ಕಲಿತ ಶಾಸ್ತ್ರಗಳಲ್ಲಿ ನನಗೆ ನಿಜವಾಗಿ ಬರುತ್ತಿದ್ದದ್ದು ಕಾಲೇಜಿನಲ್ಲಿ ಕಲಿತದ್ದಲ್ಲ. ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲಿ ಅಂದಿನ ರಾತ್ರಿ ಹೇಗಿರುತ್ತದೆ ಎಂದು ಹೇಳಬಲ್ಲವಳಾಗಿದ್ದೆ. ಅಪ್ಪ ಚಪ್ಪಲಿಯನ್ನು ಜೋಡಿಸಿಟ್ಟರೆ ಒಂದು ಬಗೆ, ಒಂದರ ಮೇಲೊಂದು ಬಿಟ್ಟರೆ ಇನ್ನೊಂದು ಬಗೆ. ಎರಡನೆಯ ಬಗೆಯ ದಿನ ಅಮ್ಮ ಸ್ಟವ್ವಿನ ಮೇಲಿದ್ದ ಬಿಸಿ ಪಾತ್ರೆಗಳನ್ನೆಲ್ಲ ಇಳಿಸಿ ಮೂಲೆಗೆ ಸರಿಸುತ್ತಿದ್ದಳು. ಲಲಿತಾಕ್ಷಿ ನಮ್ಮಲ್ಲಿದ್ದಾಗ, ಕೊನೆಯ ದಿನದ ತನಕ, ಅಪ್ಪನ ಚಪ್ಪಲಿ ಜೋಡಿಯಾಗಿಯೇ ಇತ್ತು. ಅವಳು ನಮ್ಮನ್ನು ನೋಡಿ, "ನೀವು ಪುಣ್ಯ ಮಾಡಿದ್ದೀರಿ," ಎನ್ನುತ್ತಿದ್ದಳು. ನಾನೂ ಅಮ್ಮನೂ ಮುಖ ನೋಡಿಕೊಳ್ಳುತ್ತಿರಲಿಲ್ಲ.

ದೂರಿನ ಮೇಲೆ ಫುಟ್‌ಬಾಲ್ ಸಂಘದವರು ಚಂದ್ರಹಾಸನನ್ನು ಅಮಾನತು ಮಾಡಿದರು. ಫೈನಲ್ ಪಂದ್ಯ ಹತ್ತಿರ ಬಂದಿತ್ತು. ಊರು ಕೊತಕೊತ ಕುದಿಯಿತು. ಸಂಘದ ಕಾರ್ಯದರ್ಶಿ ಉಪಾಯವಾಗಿ ಜಾರಿಕೊಂಡ: ಮಾಷ್ಟ್ರು ವಿಚಾರಿಸಿ ತಪ್ಪಿಲ್ಲ ಎಂದರೆ ಅಮಾನತು ತೆಗೆಯುತ್ತೇವೆ, ತಪ್ಪಿದೆ ಎಂದರೆ ಅವನ ಆಟ ಮುಗಿಯಿತು, ಅವಳಿಗೆ ಬೇರೆ ಮನೆ ಮಾಡಿ ಖರ್ಚಿಗೆ ಕೊಡಿಸುವುದು ಸಂಘದ ಜವಾಬ್ದಾರಿ. ತಪ್ಪಿಲ್ಲ ಎಂದಾದರೆ ಅವಳು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಹೋಗಲು ಇದ್ದದ್ದು ಒಂದೇ ಮನೆ.

ಆ ಭಾನುವಾರ ಅಪ್ಪ ಅಂಗಳದಲ್ಲಿ ಪೆನಾಲ್ಟಿ ಏರಿಯಾ ಎಳೆಯಲಿಲ್ಲ. ಚಂದ್ರಹಾಸನ ಅಡುಗೆಮನೆಯನ್ನು ಎಳೆದರು. ಇಲ್ಲಿ ಬಾಗಿಲು, ಇಲ್ಲಿ ಒಲೆ, ಇಲ್ಲಿ ಹಿಟ್ಟು ಕಡೆಯುವ ಕಲ್ಲು. ಕಲ್ಲಿನ ಜಾಗದಲ್ಲಿ ನಮ್ಮ ಸ್ನಾನದ ಮಣೆ ಇಟ್ಟರು. ಲಲಿತಾಕ್ಷಿ ಕಿಟಕಿಯ ಒಳಗಿನಿಂದಲೇ ಅಳತೆ ಹೇಳಿದಳು. ಅವಳ ದನಿಯಲ್ಲಿ ಧೈರ್ಯವಿತ್ತು. ಅಷ್ಟು ನಿಖರವಾಗಿ ಗೆರೆ ಎಳೆಯುವ ಮನುಷ್ಯ ತನಗೆ ಮೋಸ ಮಾಡಲಾರ ಎಂದು ಅವಳಿಗೆ ಅನ್ನಿಸಿರಬೇಕು.

ಅಂಗಳ ತುಂಬಿತು. ಗೋಡೆಯ ಮೇಲೂ ಜನ. ಎಲ್ಲರಿಗಿಂತ ಮುಂದೆ ಬಟ್ಟೆ ಅಂಗಡಿಯ ವಾಮನ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅವನ ಪಕ್ಕದಲ್ಲಿ ತಂಡಕ್ಕೆ ಜರ್ಸಿ ಹೊಲಿಯುವ ಟೈಲರ್ ಗಿಲ್ಬರ್ಟ್.

"ಅಲ್ಲ ಮಾರಾಯ, ಮನೆಯ ಒಳಗೆ ಆದದ್ದಲ್ವಾ?" ಎಂದ ವಾಮನ. "ಹೋಮ್ ಗ್ರೌಂಡ್! ಹೋಮ್ ಗ್ರೌಂಡಲ್ಲಿ ಯಾರಾದ್ರೂ ಫೌಲ್ ಕೊಡ್ತಾರಾ?"

ನಗೆ ಗೋಡೆಯ ತನಕ ಹರಡಿತು.

"ಕೈ ಮುರಿದದ್ದು ಸುಳ್ಳಲ್ಲವಲ್ಲ ವಾಮನಾ," ಎಂದ ಗಿಲ್ಬರ್ಟ್.

"ಮುರಿದದ್ದು ಯಾರು ಸುಳ್ಳು ಅಂದ್ರು? ಕಳೆದ ವರ್ಷ ಆಚೆ ಊರಿನ ಗೋಲ್‌ಕೀಪರಿಗೂ ಕೈ ಮುರಿದಿತ್ತು. ಅವನೂ ಗಂಡನ ಮೇಲೆ ದೂರು ಕೊಟ್ಟನಾ?"

"ನಿನಗೆ ತಮಾಷೆ. ಹೆಂಗಸು ಸುಮ್ಮನೆ ಮನೆ ಬಿಟ್ಟು ಬರ್ತಾಳಾ?"

"ನೀನು ಜರ್ಸಿ ಹೊಲಿ ಗಿಲ್ಬರ್ಟಾ. ಹತ್ತನೇ ನಂಬರು ಹಾಕಿಕೊಳ್ಳುವವ ಇಲ್ಲದಿದ್ರೆ ಆ ಜರ್ಸಿಯನ್ನು ನಿನ್ನ ಹೆಂಡತಿಗೆ ಹಾಕಿಸ್ತೀಯಾ? ಫೈನಲಿಗೆ ಅವನಿಲ್ಲದಿದ್ರೆ ಊರಿಗೆ ಊರೇ ಮುಖ ಮುಚ್ಚಿಕೊಂಡು ತಿರುಗಬೇಕು, ತಿಳ್ಕೋ."

ಗಿಲ್ಬರ್ಟ್ ಗೇಟಿನ ಕಡೆ ನೋಡಿದ. ಅವನೂ ಫೈನಲ್ ನೋಡಬೇಕೆಂದಿದ್ದವನೇ.

ಚಂದ್ರಹಾಸ ಬಿಳಿ ಅಂಗಿ ಹಾಕಿಕೊಂಡು ಬಂದ. ಅವನು ಗೇಟಿನ ಒಳಗೆ ಕಾಲಿಟ್ಟಾಗ ಕೆಲವರು ಎದ್ದು ನಿಂತರು. ಅಪ್ಪನ ಕಾಲು ಮುಟ್ಟಿ, "ಮಾಷ್ಟ್ರೇ, ಬಾಲಿಗೆ ಬಿಟ್ಟು ಬೇರೆ ಯಾವುದಕ್ಕೂ ಒದ್ದವನಲ್ಲ ನಾನು," ಎಂದ. ಮತ್ತೆ ನಗು. ಕಿಟಕಿಯ ಹಿಂದೆ ಲಲಿತಾಕ್ಷಿಯ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು.

ಅಪ್ಪ ನಗಲಿಲ್ಲ. "ಅವಳ ಹೇಳಿಕೆ: ನೀನು ಬಾಗಿಲಿನಿಂದ ಬಂದು ಭುಜ ಹಿಡಿದು ತಳ್ಳಿದೆ, ಕಲ್ಲಿನ ಮೇಲೆ ಬಿದ್ದಳು. ನಿನ್ನ ಹೇಳಿಕೆ: ನೀನು ಮುಟ್ಟಲಿಲ್ಲ, ಅವಳೇ ಬಿದ್ದಳು. ಆಡಿ ನೋಡುವ."

"ನಾನೇ ಬರ್ತೇನೆ ಮಾಷ್ಟ್ರೇ," ಎಂದು ಲಲಿತಾಕ್ಷಿ ಒಳಗಿನಿಂದ ಕೂಗಿದಳು.

"ಗಾಯ ಆದವರನ್ನು ಆಡಿಸುವ ಕ್ರಮ ಇಲ್ಲ. ಬದಲಿ ಬರಬೇಕು." ಅಪ್ಪ ಕಿಟಕಿಯ ಕಡೆ ತಿರುಗದೆಯೇ ನನ್ನ ಹೆಸರು ಕರೆದರು.

ನಾನು ಅಮ್ಮನನ್ನು ನೋಡಿದೆ. ಅಮ್ಮ ಒಲೆಯ ಮುಂದೆ ಬೆನ್ನು ಹಾಕಿ ನಿಂತಿದ್ದಳು. ಲಲಿತಾಕ್ಷಿ ಸರಿಯಿದ್ದ ಕೈಯಿಂದ ನನ್ನ ಬೆರಳು ಒತ್ತಿ, "ನೀನೇ ಆದದ್ದು ಒಳ್ಳೇದಾಯ್ತು. ನಿನ್ನನ್ನು ಯಾರೂ ಸುಳ್ಳಿ ಅನ್ನಲಿಕ್ಕಿಲ್ಲ," ಎಂದಳು.

ಅಂಗಳಕ್ಕೆ ಇಳಿದೆ. ಅಷ್ಟು ಗಂಡಸರ ನಡುವೆ ಸುಣ್ಣದ ಅಡುಗೆಮನೆಯಲ್ಲಿ, ಮಣೆಗೆ ಬೆನ್ನು ಮಾಡಿ ನಿಂತೆ. ಅಪ್ಪ ಕೈ ಎತ್ತದೆ ಸುಮ್ಮನೆ ಒಂದು ಸಲ ಊದಿದರು, ಅದು ಪರೀಕ್ಷೆಗೆ. ಚಂದ್ರಹಾಸ ನಡೆದು ಬಂದು ನನ್ನ ಭುಜಕ್ಕೆ ಎರಡು ಬೆರಳು ತಾಗಿಸಿದ, ಹೂವು ಮುಟ್ಟುವಂತೆ. ನಾನು ಅಲ್ಲಾಡಲಿಲ್ಲ.

"ನೋಡಿ, ನಿಂತೇ ಇದ್ದಾಳೆ!" ಎಂದ ವಾಮನ.

"ಹೀಗಲ್ಲ ಅವರು ಮಾಡಿದ್ದು! ಅಂಗೈ ಪೂರಾ ಇಟ್ಟು ತಳ್ಳಿದ್ರು!" ಲಲಿತಾಕ್ಷಿಯ ದನಿ ಕಿಟಕಿಯ ಸರಳಿಗೆ ಬಡಿಯಿತು.

"ಅವಳು ಹೇಳುವ ಹಾಗೆಯೇ ಮಾಡು," ಎಂದರು ಅಪ್ಪ. ನಿಜಕ್ಕೂ ಅವರು ನ್ಯಾಯವಾಗಿಯೇ ನಡೆಸುತ್ತಿದ್ದರು. ಅದನ್ನು ನಾನು ಇಂದೂ ಅಲ್ಲಗಳೆಯಲಾರೆ. "ಬಾಗಿಲಿನಿಂದ ಬಾ. ಜೋರಾಗಿ ಬಾ. ಪೂರ್ತಿ ಅಂಗೈ."

ಚಂದ್ರಹಾಸ ಗೆರೆಯ ಬಾಗಿಲಿಗೆ ವಾಪಸು ಹೋದ. ಅವನ ಹಿಂದೆ ನಾಲ್ಕು ಮಾರು ದೂರದಲ್ಲಿ ಅಪ್ಪ ನಿಂತಿದ್ದರು. ಚಂದ್ರಹಾಸ ನುಗ್ಗಲು ಸಜ್ಜಾದ. ಅವನನ್ನು ನೋಡುತ್ತಿರಬೇಕಿದ್ದ ನನ್ನ ಕಣ್ಣು ಅವನ ಭುಜ ದಾಟಿ ಹಿಂದಕ್ಕೆ ಹೋಯಿತು. ಅಲ್ಲಿ ಅಪ್ಪ ವಿಸಿಲ್ ಬಾಯಿಗಿಟ್ಟು ಬಲಗೈಯನ್ನು ಎತ್ತಿದರು.

ಮುಂದಿನದನ್ನು ಮಾಡಿದ್ದು ನನ್ನ ಮೈ. ಎರಡೂ ಮೊಣಕೈ ಮಡಚಿ ಮುಖಕ್ಕೆ ಬಂದವು, ಗಲ್ಲ ಎದೆಗೆ ಸೇರಿತು, ಮೊಣಕಾಲು ಸಡಿಲಾಯಿತು. ಬಲಭುಜದ ಮೇಲೆ ಉರುಳಿ, ಮಣೆಯನ್ನು ತಪ್ಪಿಸಿ, ಒಲೆಯ ಗೆರೆಯನ್ನು ಅಳಿಸಿಕೊಂಡು ಹೋಗಿ ನಿಂತೆ. ಚಂದ್ರಹಾಸ ನನ್ನಿಂದ ಇನ್ನೂ ಎರಡು ಹೆಜ್ಜೆ ದೂರದಲ್ಲಿದ್ದ. ಅವನ ಅಂಗೈ ಗಾಳಿಯಲ್ಲೇ ಇತ್ತು.

ಆಮೇಲೆ ಅಂಗಳವೇ ಸಿಡಿಯಿತು.

"ಡೈವ್!" ವಾಮನ ಕುರ್ಚಿಯ ಮೇಲೆ ಹತ್ತಿದ್ದ. "ಮುಟ್ಟುವ ಮೊದಲೇ ಬಿದ್ದಳು! ಎಲ್ಲಾ ನೋಡಿದ್ರಲ್ಲ? ಮಾಷ್ಟ್ರ ಮಗಳೇ ತೋರಿಸಿಕೊಟ್ಳು, ಹೆಂಗಸರು ಹೇಗೆ ಬೀಳ್ತಾರೆ ಅಂತ!"

"ಎಷ್ಟು ಚಂದ ಬಿದ್ದಳು," ಎಂದ ಗಿಲ್ಬರ್ಟ್, ನಿಜವಾದ ಬೆರಗಿನಿಂದ. "ಒಂದು ಗೀರು ಇಲ್ಲ. ಪಳಗಿದ ಗೋಲ್‌ಕೀಪರು ಕೂಡ ಹೀಗೆ ಬೀಳ್ಲಿಕ್ಕಿಲ್ಲ. ಯಾರು ಕಲಿಸಿದ್ದು?"

ಯಾರೂ ಉತ್ತರಕ್ಕೆ ಕಾಯಲಿಲ್ಲ. ಗೋಡೆಯ ಮೇಲಿದ್ದವರಲ್ಲಿ ಒಬ್ಬ ನನ್ನ ಹಾಗೆಯೇ ಮೊಣಕೈ ಮುಖಕ್ಕೆ ಹಿಡಿದು, "ಅಯ್ಯೋ ಹೊಡೆದ್ರು!" ಎಂದು ಪಕ್ಕದವನ ಮೇಲೆ ಬಿದ್ದ. ಅವನು ಇನ್ನೊಬ್ಬನ ಮೇಲೆ. ಕ್ಷಣದಲ್ಲಿ ಅರ್ಧ ಅಂಗಳ ಮೊಣಕೈ ಎತ್ತಿಕೊಂಡು ಬೀಳುವ ಆಟ ಆಡುತ್ತಿತ್ತು. ಚಂದ್ರಹಾಸನೂ ನಕ್ಕ. ಅವನ ನಗೆ ಚಂದವಿತ್ತು.

ಅಪ್ಪ ನನ್ನ ಹತ್ತಿರ ಬಂದು ನಿಂತರು. ಅವರ ಮುಖ ಬಿಳುಚಿತ್ತು. ನಾನು ಯಾವುದನ್ನು ನೋಡಿ ಬಿದ್ದೆನೆಂದು ಆ ಅಂಗಳದ ಗಂಡಸರಲ್ಲಿ ತಿಳಿದದ್ದು ಅವರೊಬ್ಬರಿಗೇ.

"ಅವನು ನಿನ್ನನ್ನು ಮುಟ್ಟಿದನಾ?" ಎಂದು ಕೇಳಿದರು.

"ಅಪ್ಪಾ, ನಾನು ಬಿದ್ದದ್ದು..."

"ಹೌದಾ, ಇಲ್ಲವಾ?"

ಅವರ ಬಲಗೈ ಪಕ್ಕದಲ್ಲಿ ತೂಗುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದೆ.

"ಇಲ್ಲ. ಅವನು ಮುಟ್ಟಲಿಲ್ಲ. ನಾನು ಬಿದ್ದದ್ದು ನಿಮ್ಮ ಕೈ ನೋಡಿ," ಎಂದೆ. ಇಷ್ಟನ್ನೂ ನಾನು ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಆದರೆ 'ಇಲ್ಲ' ಎಂಬುದು ಕೇಳಿಸಿದ ಕೂಡಲೇ ಜನ ಚಂದ್ರಹಾಸನನ್ನು ಎತ್ತಿಕೊಂಡಾಗಿತ್ತು. ಉಳಿದದ್ದನ್ನು ಕೇಳಿದವರು ಅಪ್ಪ ಮಾತ್ರ. ಅವರು ಜನರ ಕಡೆ ತಿರುಗಿ, ಪೆನಾಲ್ಟಿ ನಿರಾಕರಿಸುವಾಗ ಮಾಡುವಂತೆ ಎರಡೂ ಕೈ ಅಡ್ಡ ಬೀಸಿದರು. ಮುಟ್ಟದೆಯೂ ಹಾಗೆ ಬೀಳಬಹುದು ಎಂಬುದು ಸಾಬೀತಾಗಿದೆ, ಆದ್ದರಿಂದ ಅಮಾನತು ತೆಗೆಯಬಹುದು ಎಂದರು.

ಒಳಗೆ ಹೋದಾಗ ಲಲಿತಾಕ್ಷಿ ಕಿಟಕಿಯ ಬಳಿಯೇ ಇದ್ದಳು. ನನ್ನನ್ನು ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಮೊಣಕೈಯ ಸುಣ್ಣವನ್ನು ನೋಡಿದಳು, ಆಮೇಲೆ ಅಮ್ಮನನ್ನು, ಆಮೇಲೆ ಮೂಲೆಗೆ ಸರಿಸಿಟ್ಟ ಬಿಸಿ ಪಾತ್ರೆಗಳನ್ನು. ಅಮ್ಮ ಅವನ್ನು ಯಾವಾಗ ಸರಿಸಿದಳೋ. ಅಂದು ಅಪ್ಪ ಅಂಗಳಕ್ಕೆ ಇಳಿಯುವಾಗ ಬಿಟ್ಟುಹೋಗಿದ್ದ ಚಪ್ಪಲಿ ಬಾಗಿಲಲ್ಲಿ ಒಂದರ ಮೇಲೊಂದು ಬಿದ್ದಿತ್ತು.

"ಇಲ್ಲಿಯೂ ಹೌದಾ?" ಎಂದು ಕೇಳಿದಳು.

ಅಮ್ಮ ಅವಳ ಚೀಲ ತೆರೆದಳು. ಲಲಿತಾಕ್ಷಿಯ ಸೀರೆಯನ್ನು ಮಡಚಿ ಚೀಲಕ್ಕೆ ಹಾಕಿದಳು. ಹೊರಗೆ ಚಂದ್ರಹಾಸ ಅವಳ ಹೆಸರು ಕರೆಯುತ್ತಿದ್ದ, ತುಂಬ ಮೃದುವಾಗಿ, ಎಲ್ಲರಿಗೂ ಕೇಳುವಂತೆ. "ಬಾ, ಮನೆಗೆ ಹೋಗುವ. ನಾನೇನೂ ಮನಸ್ಸಿನಲ್ಲಿಟ್ಟುಕೊಂಡಿಲ್ಲ."

"ಎಂಥಾ ದೊಡ್ಡ ಮನಸ್ಸು!" ಎಂದಿತು ಒಂದು ದನಿ.

ಅಮ್ಮ ಲಲಿತಾಕ್ಷಿಯನ್ನು ಬಾಗಿಲ ಮರೆಗೆ ಎಳೆದುಕೊಂಡಳು. ನನಗೆ ಚಿಕ್ಕಂದಿನಲ್ಲಿ, ಹಾಸಿಗೆಯ ಮೇಲೆ, ಆಟವೆಂದು ನಗಿಸುತ್ತ ಕಲಿಸಿದ್ದನ್ನೇ ಅವಳಿಗೂ ಅವಸರವಾಗಿ ಹೇಳಿಕೊಟ್ಟಳು. "ಕೈ ಊರಬಾರದು ಮಗಾ. ಊರಿದ್ದಕ್ಕೇ ಮುರಿದದ್ದು. ಮೊಣಕೈ ಮಡಚಿ ಮುಖಕ್ಕೆ ತಗೋ. ಗಲ್ಲ ಒಳಗೆ. ಭುಜದ ಮೇಲೆ ಬೀಳಬೇಕು. ನೆಲಕ್ಕೆ ಬಿದ್ದ ಮೇಲೆ ಉರುಳು, ನಿಲ್ಲಬೇಡ. ಕಲ್ಲು, ಒಲೆ ಯಾವ ದಿಕ್ಕಿಗಿದೆ ಅಂತ ಯಾವಾಗಲೂ ನೆನಪಿರಲಿ."

ಲಲಿತಾಕ್ಷಿ ಒಂದು ಸಲ ತಲೆಯಾಡಿಸಿದಳು, ಪಾಠ ಕೇಳುವ ಹುಡುಗಿಯಂತೆ. ಚೀಲ ಹಿಡಿದು ಹೊರಟಳು. ಅಂಗಳ ದಾಟುವಾಗ ಜನ ದಾರಿ ಬಿಟ್ಟರು. ಒಬ್ಬ, "ಮೆಲ್ಲಗೆ ಅಕ್ಕಾ, ಬೀಳ್ಬೇಡಿ!" ಎಂದ. ವಾಮನ ನಕ್ಕು ನಕ್ಕು ಕಣ್ಣೊರೆಸಿಕೊಂಡ.

ಗೇಟಿನ ಹತ್ತಿರ ಚಂದ್ರಹಾಸ ಅಭಿಮಾನಿಗಳ ಕಡೆ ತಿರುಗಿ, ಗೋಲು ಹೊಡೆದಾಗ ಮಾಡುವಂತೆ, ಬಲಗೈಯನ್ನು ಮೇಲೆ ಎತ್ತಿದ. ಘೋಷ ಮುಗಿಲು ಮುಟ್ಟಿತು. ಎಲ್ಲರೂ ಅವನ ಎತ್ತಿದ ಕೈಯನ್ನೇ ನೋಡುತ್ತಿದ್ದರು. ಅವನ ಹಿಂದೆ ಲಲಿತಾಕ್ಷಿಯ ಚೀಲ ನೆಲಕ್ಕೆ ಬಿದ್ದಿತ್ತು. ಅವಳ ಪ್ಲಾಸ್ಟರಿನ ಕೈ ಮಡಚಿ ಮುಖದ ಮುಂದೆ ಬಂದಿತ್ತು; ಗಲ್ಲ ಒಳಗೆ ಸೇರಿತ್ತು; ಭುಜ ತಿರುಗಿತ್ತು.

"ಬೇಗ ಕಲಿತಳು," ಎಂದಳು ಅಮ್ಮ.

ಎಲ್ಲರೂ ಹೋದ ಮೇಲೆ ಅಮ್ಮ ಪೊರಕೆ ಹಿಡಿದು ಮೆಟ್ಟಿಲಲ್ಲಿ ಕಾದು ನಿಂತಳು. ಅಂಗಳದ ನಡುವೆ, ನಾನು ಉರುಳಿದ ಕಡೆ, ಸುಣ್ಣ ಕದಡಿ ಒಂದು ಮೈಯ ಅಗಲಕ್ಕೆ ಹರಡಿತ್ತು. ಅಪ್ಪ ಡಬ್ಬಿಯನ್ನು ತಟ್ಟಿ, ಬೆನ್ನು ಬಾಗಿಸಿ, ಅದರ ಮೇಲೆಯೇ ಹಿಂದೆ ಹಿಂದೆ ನಡೆದರು. ಗೆರೆ ನೇರವಾಗಿಯೇ ಬಂತು.