ಐನ್ ಸುಮ್ರಾದ ತಾಮ್ರದ ನಾಣ್ಯ

ಹಾಯಿಲ್ ಮೇಷ್ಟ್ರು ಕಫ್ರ್ ಹಯ್ಯಾನ್ ಶಾಲೆಯಲ್ಲಿ ಇತಿಹಾಸ ಕಲಿಸಿ ನಿವೃತ್ತರಾದವರು. ಸಾವಿರದ ಮುನ್ನೂರು ವರ್ಷಗಳ ಹಿಂದೆ, ಉಮಯ್ಯದ್ ಖಲೀಫರ ಕಾಲದಲ್ಲಿ, ಈ ಬೆಟ್ಟಸಾಲಿನ ಆಡಳಿತವೆಲ್ಲ ತಮ್ಮ ಊರಿನಿಂದಲೇ ನಡೆಯುತ್ತಿತ್ತು ಎಂಬುದು ಅವರ ಗಟ್ಟಿ ನಂಬಿಕೆ. ಕಣಿವೆಯಾಚೆಯ ಐನ್ ಸುಮ್ರಾ ಅವರ ಹೆಂಡತಿ ಫಿದ್ದಾಳ ತವರು. ಅದು ಆಗ ಈ ಸೀಮೆಯನ್ನಾಳುತ್ತಿದ್ದ ಅಮೀರನ ಕತ್ತೆಗಳು ಮೇಯುತ್ತಿದ್ದ ಜಾಗವಂತೆ.

"ಕತ್ತೆಗಳು ನಿಮ್ಮೂರಿಂದಲೇ ಬರ್ತಿದ್ದವು," ಎನ್ನುತ್ತಿದ್ದಳು ಫಿದ್ದಾ. "ಒಂದು ನನ್ನನ್ನ ಮದುವೆನೂ ಮಾಡ್ಕೊಂಡು ಹೋಯ್ತು."

ನಿಂಬೆ ಗಿಡಕ್ಕೆಂದು ಕಫ್ರ್ ಹಯ್ಯಾನ್‌ನ ಮನೆಯಂಗಳದಲ್ಲಿ ಗುಂಡಿ ತೋಡುವಾಗ ಅವಳಿಗೇ ಆ ನಾಣ್ಯ ಸಿಕ್ಕಿತು. ಹಸಿರು ಕಿಲುಬು ಹಿಡಿದ ಸಣ್ಣ ಬಿಲ್ಲೆ. ಮೇಷ್ಟ್ರು ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ನಾನು ಕೆಲಸ ಮಾಡುವ ವಸ್ತುಸಂಗ್ರಹಾಲಯಕ್ಕೆ ಓಡಿಬಂದರು.

"ಚಿನ್ನ, ಬೆಳ್ಳಿ ದೇಶ ಸುತ್ತುತ್ತವೆ ಕಣಮ್ಮ ರುದೈನಾ. ತಾಮ್ರ ಹುಟ್ಟಿದ ಸೀಮೆ ಬಿಟ್ಟು ಅಷ್ಟಾಗಿ ಹೋಗಲ್ಲ. ಇದು ನಮ್ಮೂರ ಟಂಕಸಾಲೆದೇ. ಟಂಕಸಾಲೆ ಇದ್ದಲ್ಲೇ ರಾಜಧಾನಿ. ಬರ್ಕೋ."

"ಮೊದ್ಲು ಓದೋಣ ಮೇಷ್ಟ್ರೇ."

ಕಿಲುಬು ಬಿಡಿಸಲು ವಾರವೇ ಹಿಡಿಯಿತು. ಅಕ್ಷರ ಎದ್ದ ದಿನ ಭೂತಗನ್ನಡಿಯನ್ನು ಅವರ ಕೈಗೇ ಕೊಟ್ಟೆ. ಅಮೀರ್ ಯಜೀದ್ ಬಿನ್ ಹುಬೈಶ್‌ನ ಅಪ್ಪಣೆಯಂತೆ ಐನ್ ಸುಮ್ರಾದಲ್ಲಿ ಅಚ್ಚಾಯಿತು ಎಂದಿತ್ತು. ಮೇಷ್ಟ್ರು ನಾಣ್ಯ ತಿರುಗಿಸಿ ಓದಿದರು. ಕನ್ನಡಕ ಒರೆಸಿ ಓದಿದರು. ಕೊನೆಗೆ ನನ್ನ ಕನ್ನಡಕ ಕೇಳಿದರು.

ಭೂತಗನ್ನಡಿ ಕೆಳಗಿಟ್ಟು ತಗ್ಗಿದ ದನಿಯಲ್ಲಿ ಹೇಳಿದರು: "ಈ ಯಜೀದನ ಹೆಸರು ಯಾವ ಚರಿತ್ರೆಕಾರನೂ ಬರೆದಿಲ್ಲ. ಇಂಥ ಮನುಷ್ಯ ಇದ್ದ ಅನ್ನೋದಕ್ಕೆ ಇದೊಂದೇ ಸಾಕ್ಷಿ. ನಮ್ಮೂರಿಗೆ ಅವಮಾನ ಅಂತ ಮುಚ್ಚಿಡೋಕಾಗುತ್ತಾ?"

ಶುಕ್ರವಾರ ಐನ್ ಸುಮ್ರಾದಲ್ಲಿ, ಫಿದ್ದಾಳ ತಮ್ಮ ಮುತಿಬ್‌ನ ಮನೆಯಲ್ಲಿ ಊಟ. ಸಾಕ್ಷಿಗೆಂದು ನನ್ನನ್ನೂ ಕರೆದೊಯ್ದರು. ದೊಡ್ಡ ತಟ್ಟೆಯಲ್ಲಿ ಕುರಿಮಾಂಸ, ಮೊಸರಿನ ಸಾರು ಸುರಿದ ಅನ್ನ. ಮೇಷ್ಟ್ರು ಎದ್ದು ನಿಂತು ಸೋಲೊಪ್ಪಿಕೊಂಡು, ಐನ್ ಸುಮ್ರಾವೇ ರಾಜಧಾನಿ ಎಂದು ಸಾರಿದರು.

ಬಾಯಿಗಿಡಬೇಕಿದ್ದ ತುತ್ತನ್ನು ಮುತಿಬ್ ತಟ್ಟೆಗೇ ಹಾಕಿದ. "ಭಾವ, ದಮ್ಮಯ್ಯ ಅಂತೀನಿ. ಆ ರಾಜಧಾನಿನ ನೀವೇ ಇಟ್ಕೊಳಿ."

"ನಾಣ್ಯದ ಮೇಲೆ ಹಾಗೆ ಬರೆದಿಲ್ವಲ್ಲ."

"ಹಿತ್ತಲಲ್ಲಿ ಮಗನಿಗೆ ಮನೆ ಕಟ್ಬೇಕು. ಹಳೇ ಪಟ್ಟಣ ಅಂತ ಗೊತ್ತಾದ್ರೆ ಸರ್ಕಾರದೋರು ಬಂದು ಅಗೀಬೇಕು ಅಂತ ಸುತ್ತ ಹಗ್ಗ ಕಟ್ತಾರೆ. ಇಷ್ಟು ವರ್ಷ ಕತ್ತೆ ಮೇಯೋ ಜಾಗ ಅಂದ್ರಲ್ಲ, ನಾವ್ಯಾರಾದ್ರೂ ಜಗಳಕ್ಕೆ ಬಂದ್ವಾ? ನಮಗೆ ಕತ್ತೆನೇ ಸಾಕು."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. ಐನ್ ಸುಮ್ರಾದ ಹಿರಿಮೆ, ಅದರ ನೀರು, ಅದರ ದಾರಿ, ಅದರ ಅಮೀರ, ಎಲ್ಲವನ್ನೂ ಅನ್ನ ಆರಿ ತಣ್ಣಗಾಗುವವರೆಗೆ ಬಣ್ಣಿಸಿದರು. ಬಾಗಿಲಿಗೊರಗಿ ನಿಂತ ಫಿದ್ದಾ, "ಇನ್ನೂ ಸ್ವಲ್ಪ ಹೇಳ್ರಿ," ಎಂದಳು.

ನಾಣ್ಯದ ಬಗ್ಗೆ ಮೇಷ್ಟ್ರು ಬರೆದ ಲೇಖನ ಅಚ್ಚಾಯಿತು. ಸರ್ಕಾರದವರು ಬಂದು ಮುತಿಬ್‌ನ ಹಿತ್ತಲಿಗೆ ಹಗ್ಗ ಕಟ್ಟಿಯೇಬಿಟ್ಟರು. ಆಡಿನ ದೊಡ್ಡಿಯ ಕೆಳಗೆ ತಾಮ್ರ ಕರಗಿಸಿದ ಒಲೆ ಸಿಕ್ಕಿತು. ಮಗನ ಮನೆ ರಸ್ತೆಯ ಬದಿಗೆ ಸರಿಯಿತು. ಮುತಿಬ್ ಈದ್ ಹಬ್ಬದವರೆಗೂ ಭಾವನ ಮುಖ ನೋಡಲಿಲ್ಲ.

ಆಮೇಲೆ ಅಗೆತ ನೋಡಲು ಜನ ಬರತೊಡಗಿದರು. ಮುತಿಬ್ ದೊಡ್ಡಿಯ ಪಕ್ಕ ಕುರ್ಚಿ ಹಾಕಿಕೊಂಡ. ಅಮೀರ್ ಯಜೀದನಿಗೆ ಮೂವರು ಹೆಂಡಿರಿದ್ದರು, ಬದನೆಕಾಯಿ ಆಗುತ್ತಿರಲಿಲ್ಲ ಎಂದೆಲ್ಲ ಈಗ ಅವನೇ ಹೇಳುತ್ತಾನೆ. "ಅದಕ್ಕೆ ಆಧಾರ ಇಲ್ಲ," ಎಂದು ಮೇಷ್ಟ್ರು ಹಿಂದಿನಿಂದ ಗೊಣಗುತ್ತಾರೆ. ಮುತಿಬ್ ಭಾವನ ಕೈಗೊಂದು ಲೋಟ ಚಹಾ ಕೊಟ್ಟು, ಎರಡನೆಯ ಹೆಂಡತಿಯ ವಿಷಯಕ್ಕೆ ಬರುತ್ತಾನೆ.